ಗಾಲಿಕುರ್ಚಿಗೆ ದೂರ ತಪಾಸಣೆ: ರೋಗಿಗೆ ತೃಪ್ತಿ ದೊರೆಯುವುದು ಯಾವಾಗ?

ಗಾಲಿಕುರ್ಚಿಯು ಕೈಗೆ ಸಿಕ್ಕರೆ ಸಾಲದು, ಮೈಗೆ ಒಪ್ಪಬೇಕು. ಆಸನ ಅಗಲವಾದರೆ ದೇಹ ಒಂದು ಪಕ್ಕಕ್ಕೆ ವಾಲುತ್ತದೆ. ಉದ್ದವಾದರೆ ಮೊಣಕಾಲಿನ ಹಿಂಭಾಗವನ್ನು ಒತ್ತುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ನೋವು ತಿಳಿಯುವ ಮೊದಲೇ ಹುಣ್ಣಾಗಬಹುದು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯು ಗಾಲಿಕುರ್ಚಿ ಒದಗಿಸುವುದನ್ನು ಎಂಟು ಹಂತಗಳ ಸೇವೆಯೆಂದು ವಿವರಿಸಿದೆ. ತಪಾಸಣೆ, ಮೈಗೆ ಹೊಂದಿಸುವಿಕೆ, ತರಬೇತಿ, ದುರಸ್ತಿ ಎಲ್ಲವೂ ಅದರಲ್ಲಿ ಸೇರಿವೆ.

ಅಂಚೆಟ್ಟಿ, ತಳಿ, ಡೆಂಕಣಿಕೋಟೆ ಭಾಗದ ಹಳ್ಳಿಗಳಿಂದ ನೆಟ್ಟಗೆ ಕುಳಿತುಕೊಳ್ಳಲಾಗದ ರೋಗಿಯನ್ನು ಬೆಂಗಳೂರಿನ ತಜ್ಞರ ಬಳಿಗೆ ಕರೆದೊಯ್ಯುವ ಶ್ರಮ ನಮ್ಮವರಿಗೆ ಗೊತ್ತಿರುವುದೇ. ವೀಡಿಯೊ ಮೂಲಕ ನಡೆಯುವ ತಪಾಸಣೆ ಈ ಶ್ರಮವನ್ನು ತಪ್ಪಿಸಬಲ್ಲದು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ತಪಾಸಣೆಯ ಫಲ ಮುಖಾಮುಖಿ ತಪಾಸಣೆಗೆ ಸರಿಸಮವಾಗಿತ್ತು. ಆದರೆ ಅಲ್ಲಿ ರೋಗಿಯು ಒಂಟಿಯಾಗಿರಲಿಲ್ಲ. ಪಕ್ಕದಲ್ಲಿ ಸ್ಥಳೀಯ ಚಿಕಿತ್ಸಕರೊಬ್ಬರಿದ್ದರು ಎಂಬುದನ್ನು ನಾವು ಗಮನಿಸಬೇಕು.

ಕಾರಣ ಸರಳ. ಕ್ಯಾಮೆರಾ ಭಂಗಿಯನ್ನು ಕಾಣಬಲ್ಲದು, ಒತ್ತಡವನ್ನು ಅರಿಯಲಾರದು. ಕುಳಿತವರ ಪೃಷ್ಠದ ಮೂಳೆಯ ಕೆಳಗೆ ಬೆರಳಿಟ್ಟು ಭಾರವನ್ನು ಪರೀಕ್ಷಿಸಲು, ಟೇಪು ಹಿಡಿದು ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಅಳತೆ ತೆಗೆಯಲು ತರಬೇತಿ ಪಡೆದ ಕೈ ಬೇಕು. ಮನೆಯ ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ಬೀದಿಯ ಏರಿಳಿತಗಳನ್ನೂ ತಜ್ಞರಿಗೆ ತೋರಿಸಬೇಕು. ಈ ವಿಷಯದಲ್ಲಿ ಆಸ್ಪತ್ರೆಯ ಕೋಣೆಗಿಂತ ಮನೆಯಿಂದ ಮಾಡುವ ವೀಡಿಯೊ ಕರೆಯೇ ಮೇಲು.

ಅಂಥ ಕೈಗಳಿಗೆ ನಾವು ದೂರ ಹುಡುಕಬೇಕಾಗಿಲ್ಲ. ಮನೆಬಾಗಿಲಿಗೆ ಫಿಸಿಯೋಥೆರಪಿ ಒದಗಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಗೆ 2021ರ ಆಗಸ್ಟ್ 5ರಂದು ಚಾಲನೆ ದೊರೆತದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ಈ ಸಿಬ್ಬಂದಿಗೆ ಅಳತೆಯ ತರಬೇತಿ ನೀಡಿದರೆ ದೂರದ ತಜ್ಞರಿಗೆ ಅವರೇ ಕೈಯಾಗಬಲ್ಲರು.

ಉಳಿದದ್ದು ಭಾಷೆಯ ಪ್ರಶ್ನೆ. ಜೋಮು, ಉರಿ, ಸೆಳೆತ ಇವು ಒಂದೇ ಅಲ್ಲ. ಜೋಮು ಸ್ಪರ್ಶ ಕುಂದಿರುವುದರ ಸೂಚನೆಯಾಗಿರಬಹುದು. ಕನ್ನಡ ಮಾತ್ರ ಬಲ್ಲ ವೃದ್ಧರು ಹೇಳಿದ್ದೆಲ್ಲವೂ ದಾಖಲೆಯಲ್ಲಿ ಬರಿಯ 'ನೋವು' ಎಂದಾದರೆ ತಜ್ಞರು ಮೆತ್ತೆಯ ಆಯ್ಕೆಯಲ್ಲಿಯೇ ಎಡವಬಹುದು. ತಪಾಸಣೆಯ ವೇಳೆ ಕನ್ನಡ ಬಲ್ಲವರೊಬ್ಬರು ಜೊತೆಗಿರಬೇಕು. ತೃಪ್ತಿಯ ಪ್ರಶ್ನಾವಳಿಯೂ ಕನ್ನಡದಲ್ಲಿರಬೇಕು. ಕುರ್ಚಿ ಬಂದ ದಿನ ಯಾರಾದರೂ ಕೃತಜ್ಞತೆಯಿಂದ 'ಚೆನ್ನಾಗಿದೆ' ಎಂದಾರು. ಮೂರು ತಿಂಗಳ ನಂತರ ಎಷ್ಟು ಹೊತ್ತು ಕುಳಿತಿರಿ, ಮೈ ಕೆಂಪಾಯಿತೇ, ಎಲ್ಲೆಲ್ಲಿಗೆ ಹೋಗಿಬಂದಿರಿ ಎಂದು ಕೇಳಿದಾಗ ಬರುವ ಉತ್ತರವೇ ನಿಜವಾದ ತೃಪ್ತಿಯ ಅಳತೆ.