ಐಸ್ ಮಷೀನ್ ಕೈಕೊಟ್ಟಾಗ ಕಂಪ್ರೆಸರ್‌ಗಿಂತ ಮೊದಲು ನೋಡಬೇಕಾದ ಮೂರು: ಗಾಳಿ, ನೀರು, ಕರೆಂಟ್

ಹೋದ ಫೆಬ್ರವರಿ ಕೊನೇ ವಾರ. ಸಂಜೆ ಏಳು ಗಂಟೆಗೆ ಐಸ್ ಮಷೀನ್ ಬಾಗಿಲು ತೆಗೆದರೆ ಒಳಗೆ ಇದ್ದದ್ದು ಬರೀ 14 ಕೆಜಿ ಐಸ್. ಬೆಳಿಗ್ಗೆಯಿಂದ ಓಡಿದ್ದರೆ ಆ ಹೊತ್ತಿಗೆ 32 ಕೆಜಿ ಆದರೂ ಇರಬೇಕಿತ್ತು. ಆಗಷ್ಟೇ ಕೊಯ್ದ 80 ಕೆಜಿ ಬ್ರೊಕೊಲಿ ನಾಲ್ಕು ಥರ್ಮಾಕೋಲ್ ಬಾಕ್ಸ್‌ಗಳಲ್ಲಿ ಕಾಯ್ತಾ ಇತ್ತು, ಗಾಡಿ ಗೇಟಿನ ಹತ್ತಿರ ನಿಂತಿತ್ತು. ಇದ್ದ ಐಸನ್ನೇ ನಾಲ್ಕು ಪಾಲು ಮಾಡಿ ಸುರಿದು ಕಳಿಸಿದೆ. ಬೆಳಿಗ್ಗೆ ಆರಕ್ಕೆ ಬೆಂಗಳೂರಿಂದ ಫೋನ್. ‘ಮೇಡಂ, ಬಾಕ್ಸ್ ಒಳಗೆ ಬೆಚ್ಚಗಿದೆ. ನಾಳೆಗೆ ಹಳದಿ ತಿರುಗುತ್ತೆ. ಎರಡು ಬಾಕ್ಸ್ ವಾಪಸ್.’

ಕಳಿಸುವಾಗಲೇ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. 1 ಕೆಜಿ ಐಸ್ ಕರಗುವಾಗ ಸುಮಾರು 80 ಕಿಲೋ ಕ್ಯಾಲರಿ ಶಾಖ ಎಳೆದುಕೊಳ್ಳುತ್ತೆ. 28 ಡಿಗ್ರಿಯಲ್ಲಿರೋ 20 ಕೆಜಿ ಬ್ರೊಕೊಲಿಯನ್ನ 5 ಡಿಗ್ರಿಗೆ ಇಳಿಸೋಕೇ 5 ಕೆಜಿಗಿಂತ ಹೆಚ್ಚು ಐಸ್ ಬೇಕು. ದಾರಿಯ ಬಿಸಿಗೂ ಸೇರಿಸಿ ನಾನು ಬಾಕ್ಸ್‌ಗೆ 8 ಕೆಜಿ ಹಾಕ್ತೀನಿ. ಅವತ್ತು ಹಾಕಿದ್ದು ಮೂರೂವರೆ ಕೆಜಿ. ಬ್ರೊಕೊಲಿ 13 ಡಿಗ್ರಿ ಹತ್ತಿರ ಬರುವಷ್ಟರಲ್ಲಿ ಐಸ್ ಮುಗಿದಿತ್ತು, ದಾರಿಗೆ ಏನೂ ಉಳಿದಿರಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮಷೀನ್ ನೋಡದೇನೇ, ‘ಕಂಪ್ರೆಸರ್ ವೀಕ್ ಆಗಿದೆ, ಬದಲಿಸ್ಬೇಕು, 22 ಸಾವಿರ ಆಗುತ್ತೆ’ ಅಂದ. ಸೆಕೆಂಡ್ ಹ್ಯಾಂಡ್ ಮಷೀನ್, ಇರಬಹುದು ಅಂತ ನಾನೂ ದುಡ್ಡು ಹೊಂದಿಸೋಕೆ ಹೊರಟಿದ್ದೆ. ನಮ್ಮೂರಲ್ಲಿ ಮೋಟರ್ ವೈಂಡಿಂಗ್ ಮಾಡೋ ಅಣ್ಣ ತಡೆದರು. ‘ಅಕ್ಕಾ, ಗಾಳಿ, ನೀರು, ಕರೆಂಟು ಈ ಮೂರೂ ನೋಡದೆ ಕಂಪ್ರೆಸರ್‌ಗೆ ಕೈ ಹಾಕಬೇಡಿ.’ ಅವರ ಮಾತಿನಿಂದ ನನ್ನ 22 ಸಾವಿರ ಉಳೀತು. ಆ ಮೂರನ್ನೂ ಹೇಗೆ ನೋಡಿದೆ ಅಂತ ಕ್ರಮವಾಗಿ ಹೇಳ್ತೀನಿ.

ಮೊದಲು ಮಷೀನ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಿ

ನನ್ನದು ಕ್ಯೂಬ್ ಮಾಡೋ ಮಷೀನ್. ಸೊನ್ನೆಗಿಂತ ಕೆಳಗೆ ತಣ್ಣಗಾದ ಪ್ಲೇಟ್ ಮೇಲೆ ಪಂಪ್ ನೀರು ಹರಿಸುತ್ತಲೇ ಇರುತ್ತೆ. ನೀರು ಪದರ ಪದರವಾಗಿ ಗಟ್ಟಿಯಾಗುತ್ತೆ. ಬೇಕಾದಷ್ಟು ದಪ್ಪ ಆಯ್ತು ಅಂತ ಪ್ರೋಬ್ ಹೇಳಿದ ಕೂಡಲೇ ಒಂದು ವಾಲ್ವ್ ತೆರೆದು ಬಿಸಿ ಗ್ಯಾಸ್ ಪ್ಲೇಟ್ ಹಿಂದೆ ಹರಿಯುತ್ತೆ, ಐಸ್ ಜಾರಿ ಕೆಳಗೆ ಬೀಳುತ್ತೆ. ಇದು ಒಂದು ಸುತ್ತು.

ಈ ಸುತ್ತಿಗೆ ಎಷ್ಟು ನಿಮಿಷ ಹಿಡಿಯುತ್ತೆ ಅನ್ನೋದೇ ಮಷೀನಿನ ನಾಡಿ. ಮೊಬೈಲ್‌ನ ಸ್ಟಾಪ್‌ವಾಚ್ ಹಾಕಿ, ಐಸ್ ಬಿದ್ದಾಗಿಂದ ಮುಂದಿನ ಸಲ ಬೀಳೋವರೆಗೆ ಅಳೆಯಿರಿ. ನನ್ನ ಮಷೀನ್ ಚೆನ್ನಾಗಿದ್ದಾಗ 20 ನಿಮಿಷ ತಗೊಳ್ತಿತ್ತು. ಅವತ್ತು ಅಳೆದರೆ 38 ನಿಮಿಷ.

1. ಗಾಳಿ

ಒಳಗೆ ಎಳೆದ ಶಾಖವನ್ನ ಮಷೀನ್ ಹೊರಗೆ ಬಿಡೋದು ಕಂಡೆನ್ಸರ್ ಮೂಲಕ, ಅಂದರೆ ಫ್ಯಾನ್ ಮುಂದೆ ಇರೋ ತೆಳು ಜಾಲರಿ. ಪ್ಲಗ್ ಕಿತ್ತು ಹಿಂದಿನ ಶೀಟ್ ಬಿಚ್ಚಿದೆ. ಜಾಲರಿ ಕಾಣ್ತಾನೇ ಇರಲಿಲ್ಲ. ಪ್ಯಾಕಿಂಗ್ ಶೆಡ್‌ನ ಧೂಳು, ಒಣ ಎಲೆ ಪುಡಿ ಕಂಬಳಿ ಥರ ಕೂತಿತ್ತು. ಮೇಲಾಗಿ ಮಷೀನ್ ಗೋಡೆಗೆ ಅಂಟಿಕೊಂಡಿತ್ತು.

ಮೆತ್ತಗಿನ ಬ್ರಷ್‌ನಿಂದ ಜಾಲರಿ ಗೆರೆಗಳ ನೇರಕ್ಕೆ ಉಜ್ಜಿ, ಬ್ಲೋಯರ್‌ನಲ್ಲಿ ಒಳಗಿಂದ ಹೊರಕ್ಕೆ ಊದಿದೆ. ಗೆರೆಗಳು ಬಗ್ಗಬಾರದು. ಮಷೀನನ್ನ ಗೋಡೆಯಿಂದ ಒಂದು ಗೇಣು ಮುಂದೆ ತಂದೆ. ಮತ್ತೆ ಅಳೆದಾಗ ಸುತ್ತು 29 ನಿಮಿಷಕ್ಕೆ ಇಳಿದಿತ್ತು. ಖರ್ಚು ಸೊನ್ನೆ.

ಇನ್ನೊಂದು ಮಾತು. ಕಂಪನಿ ಕಾಗದದಲ್ಲಿ ಬರೆದಿರೋ ದಿನಕ್ಕೆ ಇಷ್ಟು ಕೆಜಿ ಅನ್ನೋ ಲೆಕ್ಕ ತಂಪು ಕೋಣೆ, ತಣ್ಣೀರಿನದು. ಎಷ್ಟೋ ಮಷೀನ್‌ಗಳಲ್ಲಿ 21 ಡಿಗ್ರಿ ಗಾಳಿ, 10 ಡಿಗ್ರಿ ನೀರಿಗೆ ಆ ಲೆಕ್ಕ ಕೊಟ್ಟಿರುತ್ತಾರೆ. ಶೀಟಿನ ಶೆಡ್, ಬಿಸಿಲಲ್ಲಿರೋ ಕಪ್ಪು ಸಿಂಟೆಕ್ಸ್ ಟ್ಯಾಂಕ್ ನೀರು ಅಂದರೆ ಅಷ್ಟು ಐಸ್ ಬರೋದೇ ಇಲ್ಲ. ಟ್ಯಾಂಕಿಗೆ ನೆರಳು ಮಾಡಿ.

2. ನೀರು

ನಮ್ಮ ಬೋರ್‌ವೆಲ್ ನೀರು ಗಡಸು. ಹರಿಯೋ ನೀರಲ್ಲಿ ಮೊದಲು ಗಟ್ಟಿಯಾಗೋದು ಶುದ್ಧ ನೀರು. ಲವಣ ಎಲ್ಲಾ ತೊಟ್ಟಿಯಲ್ಲಿ ಉಳಿದು ಸಾಂದ್ರ ಆಗುತ್ತೆ, ಆಮೇಲೆ ಪ್ಲೇಟ್, ಪೈಪ್, ಪ್ರೋಬ್ ಮೇಲೆ ಬಿಳಿ ಸುಣ್ಣವಾಗಿ ಕೂರುತ್ತೆ. ಸುಣ್ಣ ಕೂತ ಪ್ಲೇಟಿಂದ ಐಸ್ ಬೇಗ ಬಿಡಲ್ಲ. ಪ್ರೋಬ್ ಮೇಲೆ ಕೂತರೆ ಐಸ್ ಆಗೋ ಮುಂಚೇನೇ ಆಯ್ತು ಅಂತ ಸುಳ್ಳು ಹೇಳುತ್ತೆ. ಐಸ್ ಮಬ್ಬಾಗಿದ್ರೆ, ಕ್ಯೂಬ್ ಪೊಳ್ಳಾಗಿದ್ರೆ ನೀರಿನ ಕಡೆ ನೋಡಿ.

ನೀರು ಬರೋ ವಾಲ್ವ್‌ನ ಬಾಯಲ್ಲಿ ಸಣ್ಣ ಜರಡಿ ಇರುತ್ತೆ. ನನ್ನದರಲ್ಲಿ ಮರಳು ಮತ್ತು ಪಾಚಿ ತುಂಬಿತ್ತು. ನೀರಿನ ಲೈನ್ ಬಂದ್ ಮಾಡಿ, ಬಿಚ್ಚಿ ಹಳೇ ಟೂತ್ ಬ್ರಷ್‌ನಲ್ಲಿ ತೊಳೆದೆ.

ಸುಣ್ಣ ತೆಗೆಯೋಕೆ ಮಷೀನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿರೋ ಕ್ಲೀನರ್ ಸಿಕ್ಕರೆ ಅದೇ ಒಳ್ಳೇದು. ನಾನು ಬಳಸಿದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ಲೀಟರ್ ನೀರಿಗೆ 50 ಗ್ರಾಂ. ಐಸ್ ಎಲ್ಲಾ ಖಾಲಿ ಮಾಡಿ, ಕ್ಲೀನ್ ಮೋಡ್‌ನಲ್ಲಿ ಅರ್ಧ ಗಂಟೆ ಓಡಿಸಿ, ಮೂರು ಸಲ ಒಳ್ಳೇ ನೀರಲ್ಲಿ ತೊಳೆದೆ. ಮೊದಲ ಎರಡು ಸುತ್ತಿನ ಐಸ್ ಚೆಲ್ಲಿದೆ. ಈಗ ಸುತ್ತು 22 ನಿಮಿಷ.

ಎರಡು ಎಚ್ಚರಿಕೆ. ಬಾತ್‌ರೂಮ್ ಆ್ಯಸಿಡ್ ಹಾಕಲೇಬೇಡಿ, ಪ್ಲೇಟಿನ ಲೇಪ ತಿಂದು ಹಾಕುತ್ತೆ. ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತೆ, ಜೀವಕ್ಕೇ ಅಪಾಯ.

ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮೂಲೆಯಲ್ಲಿ ಬಿಡದಿದ್ದ ಸುಣ್ಣವನ್ನ ಅವಸರದಲ್ಲಿ ಚಾಕುವಿನಿಂದ ಕೆರೆದೆ. ಲೇಪ ಕಿತ್ತು ಬಂತು. ಇವತ್ತಿಗೂ ಆ ಜಾಗದ ಎರಡು ಕ್ಯೂಬ್ ಅಂಟಿಕೊಂಡೇ ಬರುತ್ತೆ. ಇನ್ನೊಮ್ಮೆ ಸಿಟ್ರಿಕ್ ಓಡಿಸಿದ್ದರೆ ಸಾಕಿತ್ತು.

ನೀರನ್ನ ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ತರಕಾರಿಗೆ ತಾಗೋ ಐಸ್ ಕುಡಿಯೋ ನೀರಿನದೇ ಆಗಿರಬೇಕು. ಹಾಗಂತ ಪೂರ್ತಿ ಆರ್‌ಒ ನೀರು ಕೊಡೋ ಮುಂಚೆ ಪುಸ್ತಕ ನೋಡಿ. ಲವಣ ತೀರಾ ಕಮ್ಮಿ ಇದ್ದರೆ ಕೆಲವು ಮಷೀನ್‌ಗಳ ಪ್ರೋಬ್‌ಗೆ ನೀರು ಗೊತ್ತೇ ಆಗಲ್ಲ.

3. ಕರೆಂಟ್

ಇಷ್ಟಾದರೂ ಮಧ್ಯಾಹ್ನ ಒಂದೊಂದು ಸಲ ಕಂಪ್ರೆಸರ್ ‘ಗುಂಯ್’ ಅಂದು, ‘ಟಿಕ್’ ಅಂತ ಆಫ್ ಆಗ್ತಿತ್ತು. ಮೆಕ್ಯಾನಿಕ್ ವೀಕ್ ಅಂದಿದ್ದು ಇದನ್ನೇ ಇರಬೇಕು. ವೈಂಡಿಂಗ್ ಅಣ್ಣ ಮೀಟರ್ ಹಿಡಿದು ನೋಡಿದರು. ಮೇನ್ ಬೋರ್ಡ್‌ನಲ್ಲಿ 215 ವೋಲ್ಟ್. ಶೆಡ್‌ನಲ್ಲಿ ಕಂಪ್ರೆಸರ್ ಸ್ಟಾರ್ಟ್ ಆಗೋ ಹೊತ್ತಿಗೆ 178. ನಡುವೆ ಇದ್ದದ್ದು 30 ಮೀಟರ್ ಸಣ್ಣ ಎಕ್ಸ್‌ಟೆನ್ಷನ್ ವೈರ್. ತಪ್ಪು ನನ್ನದೇ.

2.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ನಲ್ಲಿ ಬೇರೆ ಲೈನ್ ಎಳೆಸಿ, ಅರ್ಥಿಂಗ್ ಸರಿ ಮಾಡಿಸಿ, ಶಾಕ್ ತಡೆಯೋ ಬ್ರೇಕರ್ ಹಾಕಿಸಿದೆ. ನೀರು, ಕರೆಂಟ್ ಒಟ್ಟಿಗಿರೋ ಜಾಗದಲ್ಲಿ ಇದು ಇರಲೇಬೇಕು. ಮೇನ್‌ನಲ್ಲೇ ವೋಲ್ಟೇಜ್ ಇಳಿಯೋ ಊರಲ್ಲಾದರೆ ಟೈಮ್ ಡಿಲೇ ಇರೋ ಸ್ಟೆಬಿಲೈಸರ್ ಬೇಕು. ಕರೆಂಟ್ ಹೋಗಿ ಬಂದ ತಕ್ಷಣ ಕಂಪ್ರೆಸರ್ ಓಡಬಾರದು, ಮೂರರಿಂದ ಐದು ನಿಮಿಷ ಬಿಡುವು ಕೊಡಬೇಕು.

ಯಾವುದಕ್ಕೆ ಕೈ ಹಾಕಬಾರದು?

ಪ್ಲೇಟಿನ ಒಂದು ಭಾಗದಲ್ಲಿ ಮಾತ್ರ ಐಸ್ ಕಟ್ಟಿ ಉಳಿದದ್ದು ಒದ್ದೆಯಾಗೇ ಇದ್ದರೆ ಗ್ಯಾಸ್ ಕಮ್ಮಿ ಇರಬಹುದು. ಅದು ಮೆಕ್ಯಾನಿಕ್ ಕೆಲಸ. ಆದರೆ ಒಂದು ಗೊತ್ತಿರಲಿ, ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ. ಕಮ್ಮಿ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕಿ ಮುಚ್ಚಿ, ವ್ಯಾಕ್ಯೂಮ್ ಮಾಡಿ, ನೇಮ್‌ಪ್ಲೇಟ್‌ನಲ್ಲಿ ಬರೆದಷ್ಟು ಗ್ರಾಂ ತೂಗಿ ತುಂಬಿಸೋಕೆ ಹೇಳಿ. ನೇಮ್‌ಪ್ಲೇಟ್‌ನಲ್ಲಿ ಆರ್-290 ಅಥವಾ ಆರ್-600ಎ ಅಂತ ಇದ್ದರೆ ಅದು ಬೆಂಕಿ ಹತ್ತೋ ಗ್ಯಾಸ್. ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತೆ, ಮುಟ್ಟಬೇಡಿ.

ಮೆಕ್ಯಾನಿಕ್‌ನ ಕರೆಯೋ ಮುಂಚೆ ನೇಮ್‌ಪ್ಲೇಟ್ ಫೋಟೊ, ಒಂದು ಸುತ್ತಿನ ವಿಡಿಯೊ, ಸುತ್ತಿನ ನಿಮಿಷ ಇವನ್ನ ಕಳಿಸಿ. ನೋಡದೇ ಕಂಪ್ರೆಸರ್ ಅನ್ನೋಕೆ ಆಗ ಯಾರಿಗೂ ಆಗಲ್ಲ.

ಈಗ ನಾನು ಮಾಡ್ತಿರೋದು

ಪ್ರತಿ ಸೋಮವಾರ ಒಂದು ಸುತ್ತು ಅಳೆದು ಮೊಬೈಲ್‌ನಲ್ಲಿ ಬರೆದುಕೊಳ್ತೀನಿ. 25 ನಿಮಿಷ ದಾಟಿದರೆ ಅವತ್ತೇ ಹುಡುಕಾಟ ಶುರು. ತಿಂಗಳಿಗೊಮ್ಮೆ ಕಂಡೆನ್ಸರ್ ಮತ್ತು ಜರಡಿ, ಮೂರು ತಿಂಗಳಿಗೊಮ್ಮೆ ಸಿಟ್ರಿಕ್. ಐಸ್ ಕಮ್ಮಿ ಬಿದ್ದ ದಿನ ಇದ್ದದ್ದನ್ನ ಎಲ್ಲಾ ಬಾಕ್ಸ್‌ಗೂ ಹಂಚಲ್ಲ. ಪೂರ್ತಿ ತಂಪಾಗೋವಷ್ಟು ಬಾಕ್ಸ್ ಮಾತ್ರ ಕಳಿಸಿ, ಉಳಿದದ್ದನ್ನ ಹತ್ತಿರದ ಸಂತೆಗೆ ಹಾಕ್ತೀನಿ.

ರಿಪೇರಿಗೆ ಆದ ಖರ್ಚು ವೈರ್, ಬ್ರೇಕರ್, ಕೂಲಿ, ಸಿಟ್ರಿಕ್ ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ. ಕಂಪ್ರೆಸರ್ ಹಳೇದೇ, ಇವತ್ತಿಗೂ ಓಡ್ತಿದೆ. ನಿಮ್ಮ ಮಷೀನ್ ಚೆನ್ನಾಗಿರೋವಾಗಲೇ ಇವತ್ತು ಒಂದು ಸುತ್ತು ಅಳೆದು ಬರೆದಿಟ್ಟುಕೊಳ್ಳಿ. ಕೆಟ್ಟ ದಿನ ಹೋಲಿಸಿ ನೋಡೋಕೆ ಆ ಒಂದು ಅಂಕಿ ಬೇಕಾಗುತ್ತೆ.