ಸಲಕರಣೆಯ ವಿವರ ಬಿಡಿಸಿ ಬರೆಯಬೇಕು

ಎಐ ಸಹಾಯಕನನ್ನು ಮಳೆ ಕೇಳಿದರೆ ಅದು ಆಕಾಶ ನೋಡೋದಿಲ್ಲ. ತನಗೆ ಕೊಟ್ಟ ಸಲಕರಣೆಗಳ ವಿವರ ಓದಿ ಒಂದನ್ನು ಆರಿಸುತ್ತದೆ. ಒಳಗಿನ ಲೆಕ್ಕ ಅದಕ್ಕೆ ಕಾಣದು.

ಮಗ ‘ಮಳೆ ಮಾಹಿತಿ ಕೊಡುತ್ತದೆ’ ಅಂತಷ್ಟೇ ಬರೆದಿದ್ದ. ಬಿದ್ದ ಮಳೆಯೋ, ಬರುವ ಮಳೆಯೋ? ಹೋಬಳಿಯದೋ, ಜಿಲ್ಲೆಯದೋ? ಪಕ್ಕದ ಹೋಬಳಿಯಲ್ಲಿ ನಮ್ಮ ಕೋರು ಹೊಲವಿದೆ. ಮುನ್ಸೂಚನೆಯ 25 ಮಿಲಿಮೀಟರನ್ನು ಬಿದ್ದದ್ದೆಂದು ಹೇಳಿದರೆ, ಶೇಂಗಾ ಬೀಜ, ಕೂರಿಗೆ ಹೇರಿಕೊಂಡು ಒಣನೆಲಕ್ಕೆ ಹೋಗೋದೇ ಬಂತು.

ಹೀಗೆ ಬರೆಸಿದೆ: ‘ಹೋಬಳಿ ಮಳೆಮಾಪಕದಲ್ಲಿ ದಾಖಲಾದ ಮಳೆ, ಮಿಲಿಮೀಟರಿನಲ್ಲಿ. ಹೋಬಳಿ, ತಾರೀಕು ಕೊಡಬೇಕು. ಮುಂದಿನ ಮಳೆಗೆ ಬಳಸಬೇಡಿ. ದಾಖಲೆ ಸಿಗದಿದ್ದರೆ ಸೊನ್ನೆ ಎನ್ನುವುದಿಲ್ಲ, ದಾಖಲೆ ಇಲ್ಲ ಎನ್ನುತ್ತದೆ.’

ಕೊನೇ ಸಾಲೇ ಮುಖ್ಯ ನೋಡಿ. ಮಾಪಕ ಕೆಟ್ಟದ್ದನ್ನು ಮಳೆ ಇಲ್ಲವೆಂದರೆ ಬಿತ್ತನೆ ಹದ ತಪ್ಪುತ್ತದೆ. ಮಸಾರಿಯಲ್ಲಿ ಹಸಿ ಹೆಚ್ಚು ದಿನ ನಿಲ್ಲದು. ಮುನ್ಸೂಚನೆಗೆ ಬೇರೆ ಸಲಕರಣೆ, ಬೇರೆ ಹೆಸರು ಇಟ್ಟೆವು.