ಖಾಕಿ ಬಟ್ಟೆ ಮತ್ತು ಅಂತಃಸಾಕ್ಷಿ

ರಾಜಾಜಿನಗರದ ನಮ್ಮ ಬೀದಿಯಲ್ಲಿ ಮಂಗಳೂರಿನ ಕಡೆಯ ಒಂದು ಪ್ರಾಟೆಸ್ಟೆಂಟ್ ಕ್ರೈಸ್ತ ಕುಟುಂಬವಿದೆ. ಆ ಮನೆಯ ಹುಡುಗ ಪದವಿ ಮುಗಿಸಿದವನು. ಸೇನೆಯಲ್ಲಿ ಅಧಿಕಾರಿಯಾಗಬೇಕೆಂಬುದು ಅವನ ಹಂಬಲ. ತಂದೆತಾಯಿಗಳ ಅಡ್ಡಿಯಿಲ್ಲ. ಅಡ್ಡಿಯೆಲ್ಲ ಎಂಬತ್ತು ದಾಟಿದ ಅಜ್ಜಿಯದು. "ಕೋವಿ ಹಿಡಿಯಲಿಕ್ಕಾ ಮಗಾ ನಿನಗೆ ದೀಕ್ಷಾಸ್ನಾನ ಮಾಡಿಸಿದ್ದು?" ಎಂದು ಆಕೆ ಕೇಳಿದರಂತೆ. ನಾನು ಚರಿತ್ರೆ ಬೋಧಿಸಿ ನಿವೃತ್ತನಾದವನೆಂಬ ಒಂದೇ ಆಧಾರದ ಮೇಲೆ ಹುಡುಗ ಒಂದು ಭಾನುವಾರ ಬಂದು, "ಮೇಷ್ಟ್ರೇ, ನೀವಾದರೂ ಅಜ್ಜಿಗೆ ಸ್ವಲ್ಪ ಹೇಳಿ" ಎಂದ. ಹೇಳಲು ಹೋದವನು ಕೇಳಿಕೊಂಡು ಬಂದೆ.

ಹುಡುಗನ ಪಕ್ಷಕ್ಕೆ ಸಂತ ಪೌಲನಿದ್ದ. ರಾಜಾಧಿಕಾರವೂ ದೇವರ ಏರ್ಪಾಡೇ, ಅದಕ್ಕೆ ಅಧೀನರಾಗಿರಬೇಕೆಂದು ಪೌಲನು ರೋಮಿನವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಅಜ್ಜಿಯ ಪಕ್ಷಕ್ಕೆ ಸ್ವಯಂ ಕ್ರಿಸ್ತನೇ ಇದ್ದ. ಶತ್ರುವನ್ನು ಪ್ರೀತಿಸೆಂಬ ಗಿರಿಪ್ರಸಂಗವಿತ್ತು. ಎರಡೂ ಒಂದೇ ಗ್ರಂಥದ ಮಾತುಗಳು! ಕ್ರೈಸ್ತ ಜಗತ್ತು ಈ ಎರಡರ ನಡುವೆ ಬಹುಕಾಲ ತೊಳಲಾಡಿದೆ. ಕ್ರಿ.ಶ. 295ರಲ್ಲಿ, ಇಂದಿನ ಅಲ್ಜೀರಿಯದ ಒಂದು ಪಟ್ಟಣದಲ್ಲಿ, ಮ್ಯಾಕ್ಸಿಮಿಲಿಯನ್ ಎಂಬ ಇಪ್ಪತ್ತೊಂದರ ತರುಣ ತಾನು ಕ್ರೈಸ್ತನಾದ್ದರಿಂದ ಸೈನಿಕನಾಗಲಾರೆನೆಂದು ರೋಮನ್ ಅಧಿಕಾರಿಯ ಮುಂದೆ ನುಡಿದು ತಲೆ ಕೊಟ್ಟ. ಮುಂದೆ ಸಾಮ್ರಾಜ್ಯವೇ ಕ್ರೈಸ್ತವಾದಾಗ ಸಂತ ಅಗಸ್ಟೀನನು ನ್ಯಾಯವಾದ ಯುದ್ಧವೂ ಉಂಟೆಂದು ವಿವೇಚಿಸಿದ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವೈನಸನು ಅದಕ್ಕೆ ಮೂರು ಕಟ್ಟುಗಳನ್ನು ಹಾಕಿದ: ಯುದ್ಧ ಸಾರುವವನಿಗೆ ಅಧಿಕಾರವಿರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. (ನಮ್ಮ ಅರ್ಜುನನೂ ರಥದಲ್ಲಿ ಕುಸಿದು ಕುಳಿತವನೇ, ಆದರೆ ಅವನ ಪುಣ್ಯ, ಉತ್ತರ ಹೇಳುವವನು ಪಕ್ಕದಲ್ಲಿಯೇ ಇದ್ದ.)

ಈ ಪಾಂಡಿತ್ಯವನ್ನೆಲ್ಲ ಅಜ್ಜಿ ತಾಳ್ಮೆಯಿಂದ ಕೇಳಿದರು. ಅನಂತರ, "ನನ್ನ ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಇದ್ದದ್ದು, ಮೇಷ್ಟ್ರೇ" ಎಂದರು.

ಅಷ್ಟು ಸಾಕಾಯಿತು, ನನಗೆ ಮಾತಿನ ದಾರಿ ತಿಳಿಯಲು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸಂಸ್ಥೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ್ದಾದರೂ ಬಂದವರಲ್ಲಿ ಅನೇಕರು ಜರ್ಮನರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ಮಹಾನಿಘಂಟಿನ ಕಿಟೆಲ್ ಇವರನ್ನು ಕನ್ನಡ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಮತಾಂತರವಾಗಿ ಜಾತಿಯನ್ನೂ ಅದರೊಡನೆ ಕಸುಬನ್ನೂ ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ಅವರು ಮಗ್ಗ ಹೂಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಮಗ್ಗದ ಕಥೆಯಲ್ಲೊಂದು ವಿಪರ್ಯಾಸವಿದೆ. 1850ರ ದಶಕದಲ್ಲಿ ಬಲ್ಮಠದ ನೇಯ್ಗೆಯ ಶಾಲೆಯಲ್ಲಿ ಹಾಲರ್ ಎಂಬಾತ ಖಾಕಿ ಬಣ್ಣವನ್ನು ಕಂಡುಹಿಡಿದನೆಂದು ಕರಾವಳಿಯವರು ಅಭಿಮಾನದಿಂದ ಹೇಳುತ್ತಾರೆ. ವಾಯವ್ಯ ಗಡಿಯಲ್ಲಿ ಲಮ್ಸ್‌ಡೆನ್ನನ ಪಡೆ ಅದಕ್ಕೂ ಮುಂಚೆಯೇ ಖಾಕಿ ತೊಟ್ಟಿತ್ತಾದ್ದರಿಂದ ಮೊದಲಿಗರು ಯಾರೆಂಬ ವಾದವಿದೆ. ಮಿಶನ್ನಿನ ಮಗ್ಗದಲ್ಲಿ ಖಾಕಿ ತಯಾರಾಯಿತೆಂಬುದರಲ್ಲಿ ವಾದವಿಲ್ಲ. ಗಿರಿಪ್ರಸಂಗವನ್ನು ಸಾರಲು ಬಂದವರು ಸಿಪಾಯಿಯ ಬಟ್ಟೆಯನ್ನೂ ನೇಯಿಸಿದರು.

1914ರಲ್ಲಿ ಮಹಾಯುದ್ಧ ಬಂತು. ಎರಡೂ ಕಡೆಯವರು ಒಬ್ಬನೇ ದೇವರಲ್ಲಿ ಜಯವನ್ನು ಬೇಡಿದರು. ಮಂಗಳೂರಿನಲ್ಲಿ ನೆಲಸಿದ್ದ ಜರ್ಮನ್ ಪಾದ್ರಿಗಳು ಒಮ್ಮೆಗೇ ಶತ್ರುದೇಶದ ಪ್ರಜೆಗಳಾದರು. ಕೆಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಹೆಂಗಸರು, ಮಕ್ಕಳು, ವಯಸ್ಸಾದವರು ಹಡಗು ಹತ್ತಬೇಕಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಹಂಚು ತುಳಿದು ಸುಟ್ಟ ಕನ್ನಡ, ತುಳು ಕ್ರೈಸ್ತರ ಅಭಿಪ್ರಾಯವನ್ನು ಕೇಳುವ ಅಗತ್ಯ ಯಾರಿಗೂ ತೋರಲಿಲ್ಲ.

"ಅರಸನಿಗಾಗಿ ಪ್ರತಿ ಭಾನುವಾರ ಪ್ರಾರ್ಥನೆ ಮಾಡುತ್ತಿದ್ದ ಪಾದ್ರಿಗಳನ್ನೇ ಅರಸನ ಕಡೆಯವರು ಬಂದು ಕರಕೊಂಡು ಹೋದರಂತೆ. ನಿನ್ನೆಯವರೆಗೆ ಪಾದ್ರಿ, ಇವತ್ತು ಶತ್ರು. ಕಾಗದದಲ್ಲಿ ಬರೆದು ಬಂತು, ಆಯಿತು. ನಾಳೆ ಇವನಿಗೂ ಯಾರೋ ಒಂದು ಕಾಗದ ಕಳಿಸುತ್ತಾರಲ್ಲ?" ಎಂದರು ಅಜ್ಜಿ.

ಆಕೆಯ ಭಯ ಮೊಮ್ಮಗ ಸಾಯುವನೆಂಬುದಲ್ಲ, ಶತ್ರು ಯಾರೆಂದು ನಿರ್ಣಯಿಸುವ ಹಕ್ಕನ್ನು ಅವನು ಪರರಿಗೆ ಒಪ್ಪಿಸಿಬಿಡುವನೆಂಬುದು. ಇದು ಹಳ್ಳಿಯ ಮುದುಕಿಯ ಅಂಜಿಕೆಯೆಂದು ತಳ್ಳಿಹಾಕುವಂತಿರಲಿಲ್ಲ. ಯುದ್ಧಾನಂತರ ಬ್ರಿಟಿಷೇತರ ಮಿಶನರಿಗಳಿಂದ ಸರಕಾರಕ್ಕೆ ನಿಷ್ಠೆಯ ವಚನವನ್ನು ಪಡೆಯುವ ಕಟ್ಟಳೆ ಬಂತು. ಮಧುರೆಯ ಕಡೆಯಲ್ಲಿದ್ದ ಅಮೆರಿಕದ ಕೈಥಾನ್, ಗಾಂಧೀಜಿಯ ಆಂಗ್ಲ ಮಿತ್ರ ರೆನಾಲ್ಡ್ಸ್‌ಗೆ ಮನೆಯಲ್ಲಿ ಆತಿಥ್ಯವಿತ್ತನೆಂದು 1930ರಲ್ಲಿ ದೇಶ ಬಿಡಬೇಕಾಯಿತು. ಅದೇ ಬಾಸೆಲ್ಲಿನಲ್ಲಿ ಹುಟ್ಟಿದ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್, ಹಿಟ್ಲರನಿಗೆ ನಿರ್ಬಂಧವಿಲ್ಲದ ಪ್ರಮಾಣ ಮಾಡಲೊಲ್ಲದೆ ಬಾನ್ ವಿಶ್ವವಿದ್ಯಾಲಯದ ಪೀಠವನ್ನು ಕಳೆದುಕೊಂಡು 1935ರಲ್ಲಿ ಹುಟ್ಟೂರಿಗೆ ಮರಳಿದ. ಪೌಲನ ಹದಿಮೂರನೆಯ ಅಧ್ಯಾಯವನ್ನು ಅವನೂ ಓದಿದ್ದ. ರೋಮಿನವರ ಪತ್ರಕ್ಕೆ ಅವನು ಬರೆದ ಭಾಷ್ಯವೇ ಅವನ ಕೀರ್ತಿಗೆ ಮೂಲ.

ಹುಡುಗ ಸುಮ್ಮನಿರಲಿಲ್ಲ. "ಆಗ ನಾವು ಪರರ ಪ್ರಜೆಗಳು, ಅಜ್ಜಿ. ಈಗ ಸರಕಾರ ನಮ್ಮದು, ವೋಟು ನಮ್ಮದು. ಗಡಿ ಕಾಯಲು ಬೇರೆಯವರ ಮಕ್ಕಳು ಹೋಗಲಿ, ನಾವು ಮಾತ್ರ ಪ್ರಾರ್ಥನೆ ಮಾಡೋಣವೆಂದರೆ ಅದು ಧರ್ಮವೇ?" ಎಂದ. ಈ ಪ್ರಶ್ನೆಗೆ ಅಜ್ಜಿಯಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನಲ್ಲಿಯೂ ಇರಲಿಲ್ಲ. ನಮ್ಮಲ್ಲಿ ಕಡ್ಡಾಯ ಸೈನಿಕ ಸೇವೆಯಿಲ್ಲ; ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದ್ದರಿಂದ ಹೋಗುವ, ಬಿಡುವ ಹೊಣೆಯೂ ಹುಡುಗನದೇ, ಮ್ಯಾಕ್ಸಿಮಿಲಿಯನ್ನನಂತೆ ತಲೆ ಕೊಡಬೇಕಾದ ಪ್ರಮೇಯವಿಲ್ಲ.

ಹೊರಡುವ ಮುನ್ನ ನನಗೊಂದು ವಿಷಯ ನೆನಪಿಗೆ ಬಂತು. 1950ರ ಸೇನಾ ಕಾಯಿದೆಯ 41ನೆಯ ಕಲಮು ಮೇಲಧಿಕಾರಿಯ ಆಜ್ಞೆಯನ್ನು ಮೀರಿದವನಿಗೆ ಶಿಕ್ಷೆ ವಿಧಿಸುತ್ತದೆ. ಆದರೆ 'ಆಜ್ಞೆ' ಎಂಬುದರ ಹಿಂದೆ 'ಕಾನೂನುಬದ್ಧವಾದ' ಎಂಬ ವಿಶೇಷಣವನ್ನು ಸೇರಿಸಿದೆ. ಇದನ್ನು ಅಜ್ಜಿಗೆ ಹೇಳಿದೆ.

"ಆ ಶಬ್ದ ಕಾಯಿದೆಯಲ್ಲೇ ಉಂಟಾ?" ಎಂದು ಎರಡು ಸಲ ಕೇಳಿದರು. ಉಂಟೆಂದೆ. ಮೊಮ್ಮಗನ ಕಡೆ ತಿರುಗಿ, "ಬರೆದಿಟ್ಟುಕೋ" ಎಂದರು.

ಅರ್ಜಿ ಹೋಗಿದೆ. ಅಜ್ಜಿ ಇನ್ನೂ ಒಪ್ಪಿಲ್ಲ.